ಅವ್ವನ ಚಹಾ ಮತ್ತು ಹತ್ತು ಬ್ರಾಸ್ ಕೆಂಪು ಮಣ್ಣು

ಆ ವರ್ಷದ ಬೇಸಿಗೆ ಸೂಟಿಯಲ್ಲಿ ನಾನೊಂದು ನಿರ್ಧಾರ ಮಾಡಿದೆ. ಬೆಳಗಾವಿಯ ಅನಗೋಳದಲ್ಲಿ ಹಿಂದೆ ಯಾರೂ ಕಂಡಿರದ, ಮುಂದೆ ಯಾರೂ ಮಾಡಲಾರದಂಥ ಉದ್ಯಾನವೊಂದನ್ನು ನನ್ನ ಮನೆಯ ಅಂಗಳದಲ್ಲಿ ನಿರ್ಮಿಸಿಯೇ ಸಿದ್ಧ! ಇದರಲ್ಲಿ ಎರಡನೆಯ ಮಾತನ್ನಂತೂ ಅಕ್ಷರಶಃ ಸಾಧಿಸಿದೆ. ಅಂಥದ್ದನ್ನು ಆಮೇಲೆ ಯಾರೂ ಮಾಡಲಿಲ್ಲ. ಮಾಡಲು ಓಣಿಯವರು ಬಿಡಲೂ ಇಲ್ಲ.

ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ, ಹೆಸರು ಪದ್ಮಾಕರ. ಒಂದು ಕಡೆ ಕುಂತು ಗೊತ್ತಿಲ್ಲದ ಮನುಷ್ಯ. ಶಾಲೆ ಇದ್ದಾಗ ನನ್ನ ಚಡಪಡಿಕೆಯನ್ನು ನೂರಾರು ಹುಡುಗರು ಹಂಚಿಕೊಳ್ಳುತ್ತಿದ್ದರು. ಸೂಟಿ ಬಂತೆಂದರೆ ಅಷ್ಟೂ ಮನೆಯವರ ಪಾಲಿಗೆ. ಹಿಂದಿನ ಸೂಟಿಯಲ್ಲಿ ಗೋಡೆ ಗಡಿಯಾರ ಬಿಚ್ಚಿದ್ದೆ. ಅದರ ಹಿಂದಿನ ಸೂಟಿಯಲ್ಲಿ ಅಡಿಗೆಮನೆಯ ಹಂಚು ಸರಿಸಿ ಬೆಳಕು ಬರುವಂತೆ ಮಾಡಿದ್ದೆ. ಬೆಳಕು ಬಂತು, ಅದರ ಬೆನ್ನಿಗೆ ಜೂನಿನ ಮಿರಗದ ಮಳೆಯೂ ಬಂತು. ಆಮೇಲೆ ನನ್ನ ಹೆಂಡತಿ ರಾಜಮತಿ ಛತ್ರಿ ಹಿಡಿದು ರೊಟ್ಟಿ ಬಡಿದಳು.

ಆದರೆ ಈ ಸಲದ ನಿರ್ಧಾರ ಸುಮ್ಮನೆ ಹುಟ್ಟಿದ್ದಲ್ಲ. ಅದಕ್ಕೆ ಕಾರಣ ಅವ್ವ. ಚಾತುರ್ಮಾಸಕ್ಕೆ ಮುನಿ ಮಹಾರಾಜರು ನಮ್ಮ ಬಸದಿಗೆ ಬರುವುದು ನಿಶ್ಚಯವಾಗಿತ್ತು. ಮಳೆಗಾಲ ಪೂರ್ತಿ ಅವರು ಇಲ್ಲೇ. ದಿನಕ್ಕೆ ಒಂದೇ ಹೊತ್ತು, ಯಾವುದಾದರೂ ಒಂದು ಮನೆಯಲ್ಲಿ ನಿಂತುಕೊಂಡೇ ಅಂಗೈಯಲ್ಲಿ ಆಹಾರ ಸ್ವೀಕರಿಸುತ್ತಾರೆ. ಯಾವ ಮನೆ ಎಂದು ಮುಂಚೆ ಯಾರಿಗೂ ಗೊತ್ತಿರುವುದಿಲ್ಲ. ಜೈನರ ಮನೆಯವರೆಲ್ಲ ಮಡಿಯುಟ್ಟು, ಕೈಯಲ್ಲಿ ಕಳಸ ಹಿಡಿದು, ತಮ್ಮ ತಮ್ಮ ಬಾಗಿಲಲ್ಲಿ ನಿಂತು ಕರೆಯಬೇಕು. ಅವರು ಬಂದರೆ ಪುಣ್ಯ. ಬಂದ ಮೇಲೂ ಉಸಿರು ಬಿಗಿಹಿಡಿದೇ ಇರಬೇಕು. ಅನ್ನದಲ್ಲಿ ಒಂದು ಕೂದಲು ಕಂಡರೆ, ಬಡಿಸುವವರ ಕೈಯಿಂದ ಪಾತ್ರೆ ಬಿದ್ದರೆ ಅಂತರಾಯವಾಯಿತೆಂದು ಕೈ ಬಿಟ್ಟುಬಿಡುತ್ತಾರೆ; ಆವತ್ತಿಗೆ ಅವರಿಗೆ ಉಪವಾಸ. ಕೆಲವು ವರ್ಷಗಳ ಹಿಂದೆ ಬಾಜು ಮನೆಯ ಜಿನಪಾಲನಲ್ಲಿ ಹೀಗೊಂದು ಸಲ ಪಾತ್ರೆ ಬಿದ್ದಿತ್ತು. ಅದು ಯಾರ ಕೈಯಿಂದ ಬಿತ್ತು ಎಂಬ ಚರ್ಚೆ ಇಲ್ಲಿ ಬೇಡ. ನಾನು ಸಹಾಯ ಮಾಡಲು ಹೋಗಿದ್ದೆ, ಅಷ್ಟೇ.

ಅವ್ವ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಎಷ್ಟೋ ಮುನಿಗಳು ಅನಗೋಳಕ್ಕೆ ಬಂದು ಹೋದರು. ನಮ್ಮ ಹೊಸ್ತಿಲನ್ನು ಮಾತ್ರ ಒಬ್ಬರೂ ದಾಟಲಿಲ್ಲ. ಆಕೆ ಕಳಸ ಹಿಡಿದು ನಿಂತು, ಅವರು ಮುಂದೆ ಹೋದ ಮೇಲೆ ಕಳಸವನ್ನು ಮೆಲ್ಲಗೆ ಒಳಗೆ ತಂದಿಟ್ಟು, ಏನೂ ಆಗದವಳಂತೆ ಕಾಯಿಪಲ್ಲೆ ಹೆಚ್ಚಲು ಕೂರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಈ ಸಲ ಅವ್ವ ಬಸದಿಯಲ್ಲಿ ಎಲ್ಲರೆದುರು ನೇಮ ಹಿಡಿದುಬಿಟ್ಟಳು. ಮಹಾರಾಜರ ಆಹಾರ ನಮ್ಮ ಮನೆಯಲ್ಲಿ ಆಗುವ ತನಕ ಚಹಾ ತ್ಯಾಗ!

ಇದರ ಭೀಕರತೆ ನಿಮಗೆ ತಿಳಿಯಬೇಕು. ನಮ್ಮ ಅವ್ವನ ಹೆಸರು ಶಾಂತಮ್ಮ. ಆ ಹೆಸರು ಆಕೆಗೆ ಒಪ್ಪುತ್ತಿದ್ದುದು ಚಹಾ ಕುಡಿದ ಮೇಲೆ ಮಾತ್ರ. ಚಹಾ ಬಿಟ್ಟ ಮೊದಲ ದಿನ ಆಕೆಗೆ ತಲೆನೋವು ಬಂತು. ಎರಡನೆಯ ದಿನದಿಂದ ನಮಗೆ ಬಂತು. ಹಾಲಿನವನು ಬಾಗಿಲು ಬಡಿಯುವುದನ್ನು ಬಿಟ್ಟು ಕಿಟಕಿಯಲ್ಲಿ ಹಾಲು ಕೊಟ್ಟು ಹೋಗತೊಡಗಿದ.

"ರೀ, ಹೆಂಗರ ಮಾಡಿ ಈ ಸಲ ಮಹಾರಾಜರು ನಮ್ಮ ಮನಿಗೆ ಬರಬೇಕ್ರಿ," ಎಂದಳು ರಾಜಮತಿ. "ಇಲ್ಲಂದ್ರ ದೀಪಾವಳಿ ತನಕ ನಾ ಈ ಮನ್ಯಾಗ ಉಳಿಯಾಂಗಿಲ್ಲ."

ನಾನು ಕುಂತು ವಿಚಾರ ಮಾಡಿದೆ. ಅಂದರೆ ನಡುಮನೆಯಲ್ಲಿ ಅತ್ತಿಂದಿತ್ತ ತಿರುಗಾಡುತ್ತ ವಿಚಾರ ಮಾಡಿದೆ. ಮಹಾರಾಜರು ನಮ್ಮ ಮನೆಗೆ ಯಾಕೆ ಬರುವುದಿಲ್ಲ? ಉತ್ತರ ಕಾಲ ಕೆಳಗೇ ಇತ್ತು. ಅಂಗಳ! ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ರಾಡಿ. ಬರಿಗಾಲಲ್ಲಿ ಊರೂರು ನಡೆದು ಕಲ್ಲುಮುಳ್ಳು ತುಳಿದು ಬಂದ ಪಾದಗಳಿಗೆ ಇಂಥ ಸ್ವಾಗತವೇ? ಜಿನಪಾಲನಿಗೇನು, ರವಿವಾರ ಪೇಟೆಯಲ್ಲಿ ಬೆಲ್ಲದ ವ್ಯಾಪಾರ, ಅಂಗಳದ ತುಂಬ ಫರಸಿಕಲ್ಲು ಹಾಕಿಸಿಬಿಟ್ಟಿದ್ದ. ನನ್ನದು ಕಲಾವಿದನ ಮನೆ. ಅಂಗಳಕ್ಕೆ ಹೊಸ ಕೆಂಪು ಮಣ್ಣು, ಅದರ ಮೇಲೆ ಗೇಟಿನಿಂದ ಹೊಸ್ತಿಲ ತನಕ ಮೆತ್ತನೆಯ ಹಸಿರು ಹುಲ್ಲು, ಮೂಲೆಯಲ್ಲಿ ಕರೀ ಕಲ್ಲುಗಳ ಒಂದು ಗುಡ್ಡ. ದೊಡ್ಡ ಹಾಳೆ ತೆಗೆದು ಬಣ್ಣದಲ್ಲಿ ಚಿತ್ರ ಬರೆದೆ. ಹಾಳೆ ದೊಡ್ಡದಿತ್ತು, ಹಾಗಾಗಿ ಅಂಗಳವೂ ದೊಡ್ಡದಾಯಿತು.

ರಾಜಮತಿ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು.

"ಯಾರ ಮನೀರಿ ಇದು?"

"ನಮ್ಮದು."

"ನಮ್ಮ ಅಂಗಳದಾಗ ಗುಡ್ಡ ಎಲ್ಲೈತಿ?"

"ಬರತೈತಿ. ಖಾನಾಪುರದ ಕಡಿಂದ ಲಾರ್‍ಯಾಗ ಬರತೈತಿ."

"ಮತ್ತ ಇದೇನು, ಹಸರು?"

"ಹುಲ್ಲು. ಮಹಾರಾಜರ ಪಾದಕ್ಕ ಗಾದಿ ಹಾಸಿದಂಗ."

"ಅಯ್ಯ, ಮಹಾರಾಜರು ಹಸೀ ಹುಲ್ಲಿನ—"

"ಗೊತ್ತೈತಿ, ಗೊತ್ತೈತಿ. ಹಸೀ ಹುಲ್ಲಿನ ತಂಪನ ಬ್ಯಾರೆ."

ಆಕೆ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನನ್ನ ಕಾಲುಗಳು ಚಪ್ಪಲಿಯೊಳಗಿದ್ದವು. ಯಾರ ಮಾತನ್ನೂ ಪೂರ್ತಿ ಕೇಳುವಷ್ಟು ಪುರುಸೊತ್ತು ನನಗೆ ಹುಟ್ಟಿದಂದಿನಿಂದ ಇಲ್ಲ.

ರವಿವಾರ ಪೇಟೆಯ ಮೂಲೆಯಲ್ಲಿ ಬುಡನಸಾಬನ ಲಾರಿಗಳು ನಿಲ್ಲುತ್ತಿದ್ದವು. ಕಲ್ಲು, ಮಣ್ಣು, ಉಸುಕು, ಏನು ಬೇಕಾದರೂ ತರಿಸಿ ಕೊಡುವ ದೊಡ್ಡ ಮನಸ್ಸಿನ ಮನುಷ್ಯ. ನನ್ನ ಚಿತ್ರವನ್ನು ದೂರ ಹಿಡಿದು ನೋಡಿ, ಹತ್ತಿರ ಹಿಡಿದು ನೋಡಿ, "ಭಾಳ ಚಲೋ ಐತ್ರಿ ಮಾಸ್ತರ," ಎಂದ. "ಕೆಂಪು ಮಣ್ಣು ಖಾನಾಪುರದಾಚೆ ಗುಂಜಿ ಕಡೀದು ತರಸೂಣು. ಅಡವಿ ಬಾಜುಕಿನ ಮಣ್ಣು, ಏನ್ ಹಾಕಿದ್ರೂ ಬೆಳೀತೈತಿ. ಎಷ್ಟು ಬ್ರಾಸ್ ಬೇಕ್ರಿ?"

ಬ್ರಾಸ್ ಎಂದರೆ ಎಷ್ಟೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಅಭ್ಯಾಸವೂ ಇರಲಿಲ್ಲ. ಬುಟ್ಟಿಗಿಂತ ಸ್ವಲ್ಪ ದೊಡ್ಡದಿದ್ದೀತು ಎಂದುಕೊಂಡು, ಗತ್ತಿನಿಂದ, "ಹತ್ತು," ಎಂದೆ.

ಬುಡನಸಾಬ ಬಾಯಿಗೆ ಒಯ್ಯುತ್ತಿದ್ದ ಬೀಡಿಯನ್ನು ಕೆಳಗಿಳಿಸಿದ. "ಹತ್ತು? ಅಂಗಳ ಎಷ್ಟೈತ್ರಿ?"

"ಚಿತ್ರದಾಗ ಐತಲ್ಲ, ನೋಡ್ರಿ. ನಮ್ಮ ಮುನಿ ಮಹಾರಾಜರು ಬರ್ತಾರ. ಕಮ್ಮಿ ಬೀಳಬಾರದು."

"ಅರೆ, ಹಂಗಂದ್ರ ಮತ್ತ ಮಾತ ಬ್ಯಾಡ. ಹತ್ತು ನಿಮ್ಮವು, ಮ್ಯಾಲ ಒಂದು ನನ್ನ ಕಡಿಂದ. ಸಾಧುಗಳ ಕೆಲಸದಾಗ ನಂದೂ ಒಂದು ಮುಷ್ಟಿ ಮಣ್ಣು ಇರಲಿ."

ಕಲ್ಲಿನ ಆಯ್ಕೆಯನ್ನು ಮಾತ್ರ ಬೇರೆಯವರಿಗೆ ಬಿಡಲು ಕಲಾವಿದನ ಮನಸ್ಸು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆಯೇ ಪ್ಯಾಸೆಂಜರ್ ಗಾಡಿ ಹಿಡಿದು ಗುಂಜಿಯಲ್ಲಿ ಇಳಿದೆ. ಬುಡನಸಾಬ ಹೇಳಿದ್ದ ರೈತ ಮಾಯಪ್ಪನ ಹೊಲದಲ್ಲಿ ಬೆಳೆಗಿಂತ ಕಲ್ಲೇ ಹೆಚ್ಚಿದ್ದವು. ಏನು ಕಲ್ಲುಗಳು! ಒಂದು ಕುಂತ ಎತ್ತಿನಂತೆ, ಇನ್ನೊಂದು ಮಲಗಿದ ಕರುವಿನಂತೆ. ಕಿಸೆಯಿಂದ ಶಾಲೆಯ ಸೀಮೆಸುಣ್ಣ ತೆಗೆದು, ಹೊಲವೆಲ್ಲ ಅಲೆದು, ಬಲು ಚೆಂದದ ಏಳೆಂಟು ಕಲ್ಲುಗಳ ಮೇಲೆ ಗುರುತು ಹಾಕಿದೆ.

"ಇಷ್ಟ ಸಾಕ್ರಿ ಸಾಹೇಬ್ರ?" ಎಂದ ಮಾಯಪ್ಪ ಸಪ್ಪಗೆ. "ಹೊಲಾ ಪೂರಾ ಐತಲ್ರಿ. ಬೇಕಾದಷ್ಟು ಒಯ್ರಿ."

"ಕಲೆಯೊಳಗ ಹೆಚ್ಚು ಆಗಬಾರದು ಮಾಯಪ್ಪ. ಗುರುತು ಇದ್ದದ್ದಷ್ಟ ಲಾರಿಗೆ ಹಾಕು," ಎಂದು ಎರಡೆರಡು ಸಲ ಹೇಳಿ ಬಂದೆ. ಆ ರಾತ್ರಿ ಗುಡುಗು ಮಿಂಚು ಸಹಿತ ಬೇಸಿಗೆ ಮಳೆ ಸುರಿಯಿತು. ಸೀಮೆಸುಣ್ಣ ಮಳೆಯಲ್ಲಿ ಏನಾಗುತ್ತದೆ ಎಂಬುದು ಒಂದನೆಯ ಇಯತ್ತೆಯ ಹುಡುಗನಿಗೂ ಗೊತ್ತು. ಅವನನ್ನು ಕೇಳುವ ಪುರುಸೊತ್ತೂ ನನಗಿರಲಿಲ್ಲ.

ಆಮೇಲಿನ ದಿನಗಳು ಹೇಗೆ ಕಳೆದವೋ. ಲಾರಿ ಬರುತ್ತದೆಂದು ಬಾಗಿಲಿಗೆ ಹೋಗುವುದು, ಇಲ್ಲವೆಂದು ಒಳಗೆ ಬರುವುದು, ಸದ್ದಾಯಿತೆಂದು ಮತ್ತೆ ಓಡುವುದು. "ಪದ್ಮ್ಯಾ, ಒಂದ ಕಡೆ ಕುಂದರ್ತಿಯೋ ಇಲ್ಲೋ," ಎಂದು ಅವ್ವ ಚಹಾ ಇಲ್ಲದ ದನಿಯಲ್ಲಿ ಗದರಿದಾಗ ಅಲ್ಲೇ ಹೊಸ್ತಿಲ ಮೇಲೆ ಕುಂತೆ. ಕುಂತಿದ್ದೇ ತಡ, ಮೊದಲ ಲಾರಿ ಬಂತು.

ಲಾರಿಯ ಡ್ರೈವರ್ ವಹಾಬ ಗೇಟಿನ ಮುಂದೆ ಮಣ್ಣು ಸುರಿದ. ಅಂಗಳ ತುಂಬಿತು. ನಾನು ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಎರಡನೆಯ ಲಾರಿ ಓಣಿಯಲ್ಲಿ ಕಾಣಿಸಿತು. ಅದರ ಹಿಂದೆ ಮೂರನೆಯದು. ಗೇಟು ಮುಚ್ಚಿತು, ಕಂಪೌಂಡು ಮುಚ್ಚಿತು, ಜಿನಪಾಲನ ಗೇಟಿಗೂ ಮಣ್ಣು ಬಂತು. ಸ್ಕೂಟರಿನ ಮೇಲೆ ಪೇಟೆಗೆ ಹೊರಟಿದ್ದ ಜಿನಪಾಲ ಒಳಗಿನಿಂದಲೇ ಕತ್ತು ಹೊರಚಾಚಿ ಕೇಳಿದ, "ಪದ್ಮಾಕರ, ಎಷ್ಟು ಹೇಳೀದಿ?"

"ಹತ್ತು ಬ್ರಾಸ್."

"ಬ್ರಾಸ್ ಅಂದ್ರ ಎಷ್ಟು ಅಂತ ಗೊತ್ತೈತಿ?"

ನಾನು ಲಾರಿಗಳನ್ನು ಎಣಿಸತೊಡಗಿದೆ.

"ಉದ್ದ ಹತ್ತು ಫೂಟು, ಅಗಲ ಹತ್ತು ಫೂಟು, ಎತ್ತರ ಒಂದು ಫೂಟು. ಅಂಥವು ಹತ್ತು. ನಿನ್ನ ಅಂಗಳ ಇರೂದ ಒಂದೂವರಿ," ಎಂದು ಹೇಳಿ ಸ್ಕೂಟರಿನ ಚಾವಿ ಕಿಸೆಗೆ ಹಾಕಿಕೊಂಡು ಒಳಗೆ ಹೋದ. ಆವತ್ತು ರವಿವಾರ ಪೇಟೆಯಲ್ಲಿ ಬೆಲ್ಲದ ಅಂಗಡಿ ತೆರೆಯಲಿಲ್ಲ.

ಸಂಜೆಗೆ ಕಲ್ಲಿನ ಲಾರಿಗಳು ಬಂದವು. ಒಂದಲ್ಲ, ಹಲವು. "ಯಾವ ಕಲ್ಲಿನ ಮ್ಯಾಲೂ ಗುರುತ ಕಾಣಲಿಲ್ರಿ ಮಾಸ್ತರ," ಎಂದ ವಹಾಬ. "ಮಾಯಪ್ಪ, ಯಾವದೂ ತಪ್ಪೂದು ಬ್ಯಾಡ, ಎಲ್ಲಾ ಒಯ್ಯಿ ಅಂದ. ಭಾಳ ಖುಷ್ ಆಗ್ಯಾನ್ರಿ. ಹೊಲಾ ಅಂಗೈ ಆದಂಗ ಆಗೇತಿ." ಮುಂದೆ ಜಾಗವಿರಲಿಲ್ಲ. "ಅಕ್ಕಾರ, ಉಳಿದಿದ್ದು ಎಲ್ಲಿ ಹಾಕ್ಲಿ?" ಎಂದು ಅವನು ರಾಜಮತಿಯನ್ನು ಕೇಳಿದ. ಆಕೆ ಹಿತ್ತಲ ಓಣಿಯ ಕಡೆ ಕೈ ತೋರಿಸಿದಳು. ಚಪ್ಪಟೆ ಕಲ್ಲುಗಳನ್ನೆಲ್ಲ ಆರಿಸಿ, ಹಿತ್ತಲ ಓಣಿಯಿಂದ ಬಾವಿಗೆ, ಬಾವಿಯಿಂದ ಅಡಿಗೆಮನೆಯ ಬಾಗಿಲಿಗೆ ಆಳುಗಳಿಂದ ಸಾಲಾಗಿ ಹಾಸಿಸಿಬಿಟ್ಟಳು.

"ನನ್ನ ಕಲಾಕೃತಿಗೆ ತಂದ ಕಲ್ಲನ್ನ ನೀರಿನ ಕೊಡ ಹೊರಾಕ ಹಾಸೀದೇನು?" ಎಂದು ಸಿಟ್ಟಾದೆ.

"ಹೌದ್ರಿ. ಮಳ್ಯಾಗ ಅತ್ತಿಯವರ ಕಾಲು ಜಾರತೈತಿ. ಅಲ್ರಿ, ಆ ಹುಲ್ಲಿನ ಮಾತು—"

"ಹುಲ್ಲಿಂದು ನಾ ನೋಡ್ಕೋತೇನಿ."

ಹುಲ್ಲನ್ನು ನಾನು ನೋಡಿಕೊಳ್ಳುವ ಪ್ರಸಂಗವೇ ಬರಲಿಲ್ಲ. ಬೀಜ ತರಿಸಿ ಹಾಕುವ ಮುಂಚೆಯೇ ಮಿರಗ ಹತ್ತಿತು. ಬೆಳಗಾವಿಯ ಮಳೆ, ಗುಂಜಿಯ ಅಡವಿ ಬಾಜುಕಿನ ಮಣ್ಣು. ಅದರೊಳಗೆ ಎಷ್ಟು ವರ್ಷದ ಬೀಜ ಮಲಗಿತ್ತೋ, ಎಲ್ಲ ಒಮ್ಮೆಗೇ ಎದ್ದವು. ಅಂಗಳ ಹಸಿರಾಯಿತು. ಗುಡ್ಡದ ಸಂದುಗಳು ಹಸಿರಾದವು. ನಾನು ನಾಲ್ಕು ಸೇವಂತಿಗೆ ಸಸಿ ನೆಟ್ಟು, ದಿನಕ್ಕೆ ಹತ್ತು ಸಲ ಗೇಟಿಗೆ ಹೋಗಿ ಹೊರಗಿನವನಂತೆ ನಿಂತು ನೋಡಿ ಬಂದೆ. ಚಿತ್ರಕ್ಕಿಂತ ಚೆಂದವಾಗಿತ್ತು! ಓಣಿಗೆ ಚೆಲ್ಲಿದ್ದ ಮಣ್ಣು ಮಳೆಯಲ್ಲಿ ಹರಿದು ಕಟ್ಟಕಡೆಯ ಮನೆಯವರೆಗೂ ಹೋಗಿತ್ತು. ಅದನ್ನು ನಾನು ಅಷ್ಟಾಗಿ ಗಮನಿಸಲಿಲ್ಲ.

ಮಹಾರಾಜರು ಬಂದರು. ಚಾತುರ್ಮಾಸ ಶುರುವಾಯಿತು. ಮೊದಲ ಕೆಲವು ದಿನ ಬೇರೆ ಓಣಿಗಳಲ್ಲಿ ಆಹಾರವಾಯಿತು. ಒಂದು ದಿನ ಮಳೆ ಬಿಡುವು ಕೊಟ್ಟ ಬೆಳಿಗ್ಗೆ, ಅವರು ನಮ್ಮ ಓಣಿಯ ಕಡೆ ಹೊರಟಿದ್ದಾರೆಂದು ಸುದ್ದಿ ಬಂತು. ಓಣಿಯುದ್ದಕ್ಕೂ ಮನೆಮನೆಯ ಬಾಗಿಲಲ್ಲಿ ಮಡಿಯುಟ್ಟ ಗಂಡ ಹೆಂಡತಿಯರು ಕಳಸ, ತೆಂಗಿನಕಾಯಿ ಹಿಡಿದು ನಿಂತರು. ಅವ್ವ ನಮ್ಮ ಹೊಸ್ತಿಲಲ್ಲಿ ನಿಂತಳು. ಆಕೆ ಇಷ್ಟು ಆಸೆಯಿಂದ ನಿಂತದ್ದನ್ನು ನಾನು ನೋಡಿರಲಿಲ್ಲ.

ಮಹಾರಾಜರು ಓಣಿಯ ಬಾಯಿಗೆ ಬಂದರು. ಕೈಯಲ್ಲಿ ನವಿಲುಗರಿಯ ಪಿಂಛಿ, ದೃಷ್ಟಿ ಕಾಲ ಮುಂದಿನ ನೆಲದ ಮೇಲೆ. ಬಂದವರು ನಿಂತರು. ನೆಲ ನೋಡಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಆಮೇಲೆ ಶಾಂತವಾಗಿ ತಿರುಗಿ, ಬಂದ ದಾರಿಯಲ್ಲೇ ಹೊರಟುಹೋದರು.

ನಾನು ರಾಜಮತಿಯ ಕಡೆ ತಿರುಗಿ ಕೇಳಿದೆ, "ಯಾಕ ಹೋದ್ರು?"

"ಆವತ್ತಿಂದ ಹೇಳಾಕತ್ತೇನಲ್ರಿ," ಎಂದಳು. "ಮಹಾರಾಜರು ಹಸೀ ಹುಲ್ಲಿನ ಮ್ಯಾಲ ಕಾಲಿಡಾಂಗಿಲ್ರಿ. ಅದರಾಗ ಜೀವ ಇರತೈತಿ ಅಂತ."

ಬೇಸಿಗೆಯಲ್ಲಿ ಶುರುವಾದ ಆ ವಾಕ್ಯ ಮಳೆಗಾಲದಲ್ಲಿ ಮುಗಿಯಿತು. ಇದು ನನಗೆ ಗೊತ್ತಿರಲಿಲ್ಲವೇ? ಹುಟ್ಟು ಜೈನ, ಗೊತ್ತಿಲ್ಲದೆ ಏನು. ಬಸದಿಯ ಪ್ರವಚನದಲ್ಲಿ ಎಷ್ಟೋ ಸಲ ಅರ್ಧ ಕೇಳಿ ಎದ್ದು ಬಂದಿದ್ದೆ. ನನ್ನ ಮಣ್ಣು ಹರಿದಲ್ಲೆಲ್ಲ, ಓಣಿಯ ಈ ತುದಿಯಿಂದ ಆ ತುದಿಗೆ, ಗೇಣುದ್ದ ಹುಲ್ಲು ಗಾಳಿಗೆ ತಲೆದೂಗುತ್ತಿತ್ತು. ಅಷ್ಟೂ ಮನೆಯವರು ಕಳಸ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

"ಪದ್ಮಾಕರ," ಎಂದ ಜಿನಪಾಲ, "ನನ್ನ ಫರಸಿ ಸಂದ್ಯಾಗೂ ಹುಲ್ಲ ಬಂದೈತಿ. ಇದಕ್ಕೂ ಒಂದು ಚಿತ್ರ ತಗದಿದ್ದಿ ಏನು?"

ಅವ್ವ ಹೊಸ್ತಿಲಿನಿಂದ ತಿರುಗಿದಳು. ಕಳಸವನ್ನು ಮೆಲ್ಲಗೆ ಒಳಗೆ ತಂದಿಟ್ಟಳು. ಕಾಯಿಪಲ್ಲೆ ಹೆಚ್ಚಲು ಕುಂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಅಳು ಬಂತು. ಅಳುವುದಕ್ಕೂ ಒಂದು ಕಡೆ ಕೂರಬೇಕಲ್ಲ, ಹಾಗಾಗಿ ಗುದ್ದಲಿ ತೆಗೆದುಕೊಂಡು ಅಂಗಳಕ್ಕೆ ಇಳಿದೆ.

"ಪದ್ಮ್ಯಾ, ಗುದ್ದಲಿ ಕೆಳಗಿಡು," ಎಂದಳು ಅವ್ವ ಒಳಗಿನಿಂದ. "ಮಹಾರಾಜರು ಬರ್ಲಿ ಅಂತ ಚಾತುರ್ಮಾಸದಾಗ ಹುಲ್ಲ ಕೀಳ್ತಿ? ಅಂಥಾ ಮನ್ಯಾಗ ಅವರು ಉಣ್ತಾರೇನು? ಒಂದ ಕಡ್ಡಿ ಮುಟ್ಟಿದ್ರ ನೋಡು."

ಕೀಳುವಂತಿಲ್ಲ, ಇರುವಂತಿಲ್ಲ. ರಾತ್ರಿಯೆಲ್ಲ ಹೊರಳಾಡಿ ಬೆಳಗಾಗುವಷ್ಟರಲ್ಲಿ ನನಗೊಂದು ದಿವ್ಯ ಉಪಾಯ ಹೊಳೆಯಿತು. ನಾವು ಕೀಳಬಾರದು, ಸರಿ. ಎಮ್ಮೆ ತನ್ನಷ್ಟಕ್ಕೆ ತಾನು ಮೇದರೆ? ಎದುರು ಮನೆಯ ಸಾವಂತ್ರವ್ವನ ಎಮ್ಮೆ ಗೇಟಿನ ಬಳಿ ಸುಳಿದಾಡುವ ಹೊತ್ತಿಗೆ ಸರಿಯಾಗಿ ನಾನು ಗೇಟನ್ನು ಮರೆತು ತೆರೆದಿಟ್ಟೆ. ಎಮ್ಮೆ ಬಂತು. ನನ್ನ ನಾಲ್ಕೂ ಸೇವಂತಿಗೆಯನ್ನು ತಿಂದಿತು. ಹುಲ್ಲನ್ನು ಮೂಸಿ ನೋಡಿ, ತಿನ್ನುವ ಬದಲು ಅದರ ಮೇಲೆ ಮಲಗಿತು. ಮಹಾರಾಜರಿಗೆಂದು ಹಾಸಿದ ಗಾದಿ ಎಮ್ಮೆಗೆ ಎಷ್ಟು ಹಿಡಿಸಿತೆಂದರೆ ಸಂಜೆಯ ತನಕ ಏಳಲಿಲ್ಲ. ಮರುದಿನ ಕರೆಯದಿದ್ದರೂ ಬಂತು.

"ಮಾಸ್ತರ, ನಮ್ಮ ಎಮ್ಮಿಗೆ ನಿಮ್ಮ ಮನಿ ಚಟಾ ಹಚ್ಚೀರಿ," ಎಂದು ಸಾವಂತ್ರವ್ವ ಜಗಳಕ್ಕೆ ನಿಂತಳು. "ಹಾಲ ಹಿಂಡಾಕ ನಿಮ್ಮ ಅಂಗಳಕ್ಕ ಬರಬೇಕೇನು ನಾ?"

ಹೀಗೆ ದಿನಗಳು ಉರುಳಿದವು. ಮಹಾರಾಜರು ನಮ್ಮ ಓಣಿಯ ಕಡೆ ತಲೆಹಾಕಲಿಲ್ಲ. ಅವ್ವನ ಚಹಾದ ಕಪ್ಪು ಕಪಾಟಿನಲ್ಲಿ ಬೋರಲು ಬಿದ್ದೇ ಇತ್ತು. ಒಂದು ಬೆಳಿಗ್ಗೆ ಆಕೆ ಮಡಿಯುಟ್ಟು, ಕಳಸ ಹಿಡಿದು, ಮುಂಬಾಗಿಲಿಗೆ ಹೋಗದೆ ಹಿತ್ತಲ ಬಾಗಿಲಿಗೆ ನಡೆದಳು. ರಾಜಮತಿಯೂ ಮಡಿಯುಟ್ಟು ಆಕೆಯ ಹಿಂದೆ ಹೊರಟಳು.

"ಹಿತ್ತಲದಾಗ ಯಾರು ಬರ್ತಾರವ್ವ?" ಎಂದೆ.

"ಕರಿಯೂದು ನಮ್ಮ ಕೆಲಸಪಾ," ಎಂದಳು ಅವ್ವ.

"ನೀವು ಮುಂದ ಗೇಟಿನ್ಯಾಗ ನಿಂದರ್ರಿ," ಎಂದಳು ರಾಜಮತಿ. "ಎಮ್ಮಿ ಒಳಗ ಬಂದ್ರ ಎಲ್ಲಾ ಹೊಲಸಾಕ್ಕೈತಿ. ಅಲುಗಾಡಬ್ಯಾಡ್ರಿ."

ನಾನೂ ಮಡಿಯುಟ್ಟು ತೆಂಗಿನಕಾಯಿ ಹಿಡಿದು ಗೇಟಿನಲ್ಲಿ ನಿಂತೆ. ಓಣಿಯಲ್ಲಿ ಯಾರೂ ಇಲ್ಲ. ಎಡಗಾಲ ಮೇಲೆ ನಿಂತೆ, ಬಲಗಾಲ ಮೇಲೆ ನಿಂತೆ. ತೆಂಗಿನಕಾಯಿಯನ್ನು ಈ ಕೈಯಿಂದ ಆ ಕೈಗೆ ಮಾಡಿದೆ. ಎಮ್ಮೆ ಬಂದು ನನ್ನ ಎದುರು ನಿಂತಿತು. ಒಬ್ಬರನ್ನೊಬ್ಬರು ನೋಡಿಕೊಂಡೆವು. ಎಷ್ಟು ಹೊತ್ತಾಯಿತೋ, ಹಿತ್ತಲ ಕಡೆಯಿಂದ ಒಮ್ಮೆಲೇ ಜಯಕಾರ ಕೇಳಿತು. ನಾನು ಎಮ್ಮೆಯನ್ನು ಬಿಟ್ಟು, ಗೋಡೆಯ ಅಂಚಿಗೆ ಹಾಯ್ದು ಓಡಿದೆ.

ಹಿತ್ತಲಲ್ಲಿ ಜನ ಕೈಮುಗಿದು ನಿಂತಿದ್ದರು. ಜಿನಪಾಲನೂ ಇದ್ದ. ಓಣಿಯ ತಿರುವಿನಲ್ಲಿ ಪಿಂಛಿಯ ಗರಿಗಳು ಒಂದು ಕ್ಷಣ ಕಂಡು ಮರೆಯಾದವು. ಹಿತ್ತಲ ಓಣಿಯಲ್ಲಿ ಹಾಯ್ದು ಹೊರಟಿದ್ದ ಮಹಾರಾಜರು ಅವ್ವನ ಕರೆ ಕೇಳಿ ನಿಂತು, ಮಾಯಪ್ಪನ ಹೊಲದ ಕಲ್ಲುಗಳನ್ನು ನೋಡಿ, ಒಂದೊಂದರ ಮೇಲೆ ಕಾಲಿಟ್ಟು ನಮ್ಮ ಅಡಿಗೆಮನೆಯ ಬಾಗಿಲಿಗೆ ಬಂದಿದ್ದರು. ಆಹಾರ ಮುಗಿದು, ಆಶೀರ್ವಾದ ಮಾಡಿ, ಹೊರಟೂ ಹೋಗಿದ್ದರು. ಅವ್ವ ಬಾವಿಯ ಕಟ್ಟೆ ಹಿಡಿದು ನಿಂತಿದ್ದಳು. ಆಕೆಯ ಕೆನ್ನೆ ಒದ್ದೆಯಾಗಿತ್ತು, ಮುಖ ಮಾತ್ರ ಹೊಸ ಸೊಸೆಯದಾಗಿತ್ತು. ನನಗೆ ಖುಷಿಯೂ ಆಯಿತು, ನಾನೇ ಇರಲಿಲ್ಲವಲ್ಲ ಎಂದು ಹೊಟ್ಟೆಯೂ ಉರಿಯಿತು.

ಜನ ಹೋದ ಮೇಲೆ ರಾಜಮತಿ ಚಹಾಕ್ಕೆ ಇಟ್ಟಳು. ಕಪಾಟಿನ ಕಪ್ಪು ಕೆಳಗಿಳಿಯಿತು. ಅವ್ವ ಬಸಿಯಲ್ಲಿ ಸುರುವಿಕೊಂಡು, ಕಣ್ಣು ಮುಚ್ಚಿ, ಮೊದಲ ಗುಟುಕು ಕುಡಿದಳು. ಮನೆಯಲ್ಲಿ ಬಹಳ ದಿನದ ಮೇಲೆ ಶಾಂತಿ ನೆಲೆಸಿತು. ಅದೇ ಸಮಯ ನೋಡಿ ನಾನೂ ಶರಣಾದೆ.

"ನನ್ನ ತೋಟ ದಂಡ ಆತವ್ವಾ. ಯಾರಿಗೂ ಉಪಯೋಗ ಬೀಳಲಿಲ್ಲ."

"ಯಾರಂದ್ರು? ಅದು ಇದ್ದದ್ದಕ್ಕ ಇವತ್ತ ಎಲ್ಲಾ ಸುಸೂತ್ರ ಆತು."

ನನ್ನ ಎದೆ ಉಬ್ಬಿತು. "ಕಲ್ಲಿನ ದಾರಿಗೆ ಅಂತೀಯೇನು? ಆ ಕಲ್ಲು ಆರಿಸಿದ್ದ ನಾನು—"

"ಕಲ್ಲಲ್ಲೋ," ಎಂದಳು ಅವ್ವ. "ನೀ ಮುಂದ ಅದನ್ನ ಕಾಯ್ಕೋತ ನಿಂತಿದ್ದಿ. ಒಳಗ ಒಂದು ಪಾತ್ರಿ ಬೀಳಲಿಲ್ಲ."

ನಾನು ರಾಜಮತಿಯ ಕಡೆ ನೋಡಿದೆ. "ಅಂದ್ರ ಎಮ್ಮಿ ಕಾಯ್ರಿ ಅಂತ ನೀ ಹೇಳಿದ್ದು—"

"ಹೌದ್ರಿ," ಎಂದಳು ಆಕೆ. ಮದುವೆಯಾದಂದಿನಿಂದ ಮೊದಲ ಸಲ ನನ್ನ ಮಾತನ್ನು ಆಕೆ ನಡುವೆ ಕತ್ತರಿಸಿದಳು.

ಅವ್ವ ಬಸಿಯನ್ನು ಕೆಳಗಿಟ್ಟು, ಇನ್ನಷ್ಟು ಚಹಾ ಸುರುವಿಕೊಂಡು, ಬಲು ಪ್ರೀತಿಯಿಂದ ಹೇಳಿದಳು, "ಮುಂದ ಯಾವಾಗರ ಮಹಾರಾಜರು ಬಂದ್ರ ಇನ್ನೊಂದು ಲಾರಿ ಮಣ್ಣ ತರಸಪಾ. ಬುಡನಸಾಬಗ ಈಗ ಹೇಳಿಟ್ಟಿರು."